ಅಣ್ಣನ ಬಲಗಾಲಿನ ಪೆಟ್ಟು

ಎಂಬತ್ತರ ದಶಕದ ನಡುವಿನ ವರ್ಷಗಳು. ಬೆಳಗಾವಿಯಲ್ಲಿ ಗಲ್ಲಿಗೊಂದು ಆರ್ಕೆಸ್ಟ್ರಾ ಇದ್ದ ಕಾಲ. ಅಂಥದೊಂದರಲ್ಲಿ ನಮ್ಮ ಅಣ್ಣ ಡ್ರಮ್ ಬಾರಿಸುತ್ತಿದ್ದ. ನಾನು ಊರ ಹೊರಗಿನ ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದೆ. ಸೋಲ್ಡರ್ ಹಾಕುವುದನ್ನು ಅಲ್ಲೇ ಕಲಿತದ್ದು. ಓಣಿಯ ಕೆಟ್ಟ ರೇಡಿಯೋಗಳೆಲ್ಲ ನನ್ನ ಹತ್ತಿರ ಬರುತ್ತಿದ್ದವು. "ಹುಡುಗಿ ಕೈಯಾಗ ಕೊಟ್ರ ಸುಟ್ಟು ಬೂದಿ ಮಾಡ್ತಾಳ" ಎಂದವರೇ ಮರುವಾರ ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದರು. ಅಂಥವರನ್ನು ನಾನು ಬೇಕಂತಲೇ ಎರಡು ದಿನ ಅಲೆದಾಡಿಸುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅಣ್ಣ ಸೈಕಲ್ಲಿನಿಂದ ಬಿದ್ದು ಬಲಗಾಲು ಮುರಿದುಕೊಂಡ. ಎಲುಬು ಕೂಡಿತು, ಬಲ ಮಾತ್ರ ಮರಳಲಿಲ್ಲ. ಡ್ರಮ್ ಸೆಟ್ಟಿನಲ್ಲಿ ನೆಲಕ್ಕೆ ಕೂತಿರುವ ದೊಡ್ಡ ಡ್ರಮ್ಮನ್ನು ಬಲಗಾಲಿನ ಪೆಡಲಿನಿಂದಲೇ ಹೊಡೆಯಬೇಕು. ಆ 'ಧಂ' ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ತಗಡಿನ ಸಪ್ಪಳ. ಅಣ್ಣನ ಕಾಲು ಪೆಡಲನ್ನು ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ. ಎಡಗಾಲಿನಿಂದ ನೋಡಿದ. ಹದಿನೈದು ವರ್ಷಗಳ ರೂಢಿ ಒಂದು ಕಾಲು ಬಿಟ್ಟು ಇನ್ನೊಂದಕ್ಕೆ ಬರಲಿಲ್ಲ. ಆಮೇಲೆ ಅವನು ಡ್ರಮ್ಮುಗಳ ಮೇಲೆ ಹಳೆಯ ಸೀರೆ ಹೊದಿಸಿ ಸುಮ್ಮನಾದ.

ಆರ್ಕೆಸ್ಟ್ರಾದ ಯಜಮಾನರು ಆರ್ಗನ್ ನುಡಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಒಂದು ದಿನ ಅವರು ಗೋವಾದಿಂದ ಎರಡು ಡ್ರಮ್ ಮಷೀನುಗಳನ್ನು ತಂದು ನಮ್ಮ ಖಾಸಬಾಗದ ಮನೆಯ ಪಡಸಾಲೆಯಲ್ಲಿಟ್ಟರು. "ಎರಡರಾಗ ಒಂದ ಇಟ್ಗೊಳ್ಳೂದೈತಿ. ಯಾವದು ಛಲೋ, ನೀನ ನೋಡಿ ಹೇಳವ್ವಾ" ಅಂದರು. ನನಗೆ ಮೈಯೆಲ್ಲ ಉರಿಯಿತು. ಅಣ್ಣನ ಜಾಗದಲ್ಲಿ ಕೂರುವ ಯಂತ್ರವನ್ನು ತಂಗಿಯ ಕೈಯಿಂದಲೇ ಆರಿಸುವುದೆಂದರೇನು!

ಒಂದು ಮಷೀನು ಹೊಸದು, ಮೈ ತುಂಬ ಗುಂಡಿಗಳು. ಒಂದನ್ನು ಒತ್ತಿದರೆ ರುಂಬಾ, ಇನ್ನೊಂದನ್ನು ಒತ್ತಿದರೆ ವಾಲ್ಟ್ಸ್, ತಾನೇ ಬಾರಿಸಿಕೊಂಡು ಹೋಗುತ್ತಿತ್ತು. ಇನ್ನೊಂದು ಹಳೆಯದು, ಮೈಯೆಲ್ಲ ಗೀರು. ಆದರೆ ಅದರಲ್ಲಿ ಒಂದೊಂದು ಡ್ರಮ್ಮಿಗೂ ಬೇರೆ ಬೇರೆ ತಿರುಪುಗಳಿದ್ದವು. ಹಿಂದೆ ಒಂದು ತೂತಿತ್ತು. ಅಲ್ಲಿ ಹೊರಗಿನಿಂದ ತಂತಿ ತಾಗಿಸಿದರೆ ದೊಡ್ಡ ಡ್ರಮ್ಮಿನ ಒಂದೇ ಒಂದು ಪೆಟ್ಟು ಬೀಳುತ್ತಿತ್ತು. ನಾನು ಹಳೆಯದನ್ನೇ ಆರಿಸಿದೆ. ಖರೇ ಹೇಳಬೇಕೆಂದರೆ ಪಕ್ಷಪಾತ ಮಾಡಿದೆ. ಹೊಸದಕ್ಕೆ ಮನುಷ್ಯನೇ ಬೇಕಿರಲಿಲ್ಲ, ಹಳೆಯದಕ್ಕೆ ಬೇಕಿತ್ತು.

ರವಿವಾರ ಪೇಟೆಯಿಂದ ಮನೆಬಾಗಿಲಿನ ಕರೆಗಂಟೆಯ ಗುಂಡಿಯೊಂದನ್ನು ತಂದು, ಎರಡು ಹಲಗೆಗಳ ನಡುವೆ ಕೂರಿಸಿ, ಅಣ್ಣನ ಬಲಗಾಲಿನ ಕೆಳಗಿಟ್ಟೆ. ತಂತಿಯನ್ನು ಮಷೀನಿಗೆ ಕೊಟ್ಟೆ. ಅಣ್ಣ ಕಾಲ್ಬೆರಳ ತುದಿ ಊರಿದರೆ ಸಾಕು, ಪೆಟ್ಟು ಬೀಳುತ್ತಿತ್ತು. ಅವನ ಕಾಲಿನಲ್ಲಿ ಬಲವಿರಲಿಲ್ಲ, ತಾಳ ಎಲ್ಲಿಗೂ ಹೋಗಿರಲಿಲ್ಲ.

ಆ ಪೆಟ್ಟು ಕೇಳಿ ಮಾಸ್ತರರು ಮುಖ ಹುಳ್ಳಗೆ ಮಾಡಿದರು. "ಬರೂ ತಿಂಗಳ ಖಾನಾಪುರದಾಗ ಒಂದ ಲಗ್ನ ಐತಿ. ಅಲ್ಲಿ ಜಮಾಸಿದ್ರ ನಿಮ್ಮಣ್ಣನ ಕುಂದರ್ಲಿ. ಇಲ್ಲಂದ್ರ ಆ ಹೊಸಾ ಮಷೀನ ತರಸ್ತೀನಿ. ಸಿಟ್ಟ ಮಾಡ್ಕೋಬ್ಯಾಡವ್ವಾ" ಅಂದರು. ಸಿಟ್ಟು ಬಂದೇ ಇತ್ತು, ಕೇಳುವ ಅಗತ್ಯವಿರಲಿಲ್ಲ.

ಮೂರು ವಾರ ನಾನು ಆ ಒಂದು ಸಪ್ಪಳದ ಹಿಂದೆ ಬಿದ್ದೆ. ಒಂದು ತಿರುಪು ದನಿಯನ್ನು ಆಳಕ್ಕೆ ಇಳಿಸುತ್ತಿತ್ತು, ಇನ್ನೊಂದು ಅದು ಎಷ್ಟು ಹೊತ್ತು ಗುಂಯ್‌ಗುಡಬೇಕೆಂದು ಹೇಳುತ್ತಿತ್ತು. ಆಳ ಹೆಚ್ಚಿಸಿದರೆ ಕೆಸರಿನಂತೆ ಕಲಸಿಹೋಗುತ್ತಿತ್ತು. ಒಳಗಿನ ಕಂಡೆನ್ಸರ್ ಎಂಬ ಬಿಡಿಭಾಗವನ್ನೇ ಬದಲಿಸಿ ದನಿಯ ಬಾಲ ಕತ್ತರಿಸಿದೆ, ಮೊದಲ ತಾಗನ್ನು ಚೂಪು ಮಾಡಿದೆ. ಕೊನೆಗೊಂದು ದಿನ ಎದೆ ನಡುಗುವಂಥ 'ಧಂ' ಬಂತು. ಅಡುಗೆಮನೆಯಿಂದ ಅವ್ವ "ಗ್ವಾಡಿ ಕೆಡವತೀರೇನ?" ಎಂದು ಕೂಗಿದಳು. ಎಷ್ಟೋ ತಿಂಗಳ ಮೇಲೆ ಅಣ್ಣ ನಕ್ಕ.

ಲಗ್ನದ ದಿನ ಬೆಳಿಗ್ಗೆ ಹತ್ತಕ್ಕೆ ಖಾನಾಪುರ ಮುಟ್ಟಿ, ಹಂದರದಲ್ಲಿ ನಮ್ಮ ದೊಡ್ಡ ಸ್ಪೀಕರ್ ಡಬ್ಬಿಗಳನ್ನು ನಿಲ್ಲಿಸಿದೆವು. ಅಣ್ಣ ತನ್ನ ಡ್ರಮ್ಮುಗಳ ಹಿಂದೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ.

'ಟಕ್' ಅಂತು.

ಇನ್ನೊಮ್ಮೆ ಒತ್ತಿದ. ಮತ್ತೆ 'ಟಕ್'. ವಧುವಿನ ಸೋದರಮಾವ ಹೂವಿನ ಬುಟ್ಟಿ ಹಿಡಿದು ಹೋಗುತ್ತಿದ್ದವರು ನಿಂತು, "ಬಡಿಗ್ಯಾರ ಕೆಲಸ ಇನ್ನೂ ಮುಗದಿಲ್ಲೇನ್ರಿ?" ಎಂದರು. ಮಾಸ್ತರರು ನನ್ನ ಕಡೆ ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲ ತಂತಿಗಳನ್ನೂ ಜಗ್ಗಿ ನೋಡಿದೆ. ಒಂದೂ ಸಡಿಲಾಗಿರಲಿಲ್ಲ.

ಅಣ್ಣ ಮಾತ್ರ ತಲೆ ಎತ್ತಿ ಏನನ್ನೋ ಆಲಿಸುತ್ತಿದ್ದ. "ತಂಗೀ, ಇಲ್ಲಿ ಎಷ್ಟ ಶಾಂತ ಐತಿ ನೋಡು" ಅಂದ.

"ನನಗ ಜೀವ ಹೋಗಾಕತ್ತೈತಿ, ನಿನಗ ಶಾಂತ ಕಾಣಾಕತ್ತೈತೇನ?"

"ಹಂಗಲ್ಲ. ಇಲ್ಲಿ ಮಗ್ಗ ಇಲ್ಲ."

ಆಗ ತಲೆಗೆ ಹೊಳೆಯಿತು. ಖಾಸಬಾಗದ ನಮ್ಮ ಮನೆಯ ಎರಡೂ ಬಾಜು ಗೋಡೆಯಾಚೆ ಕರೆಂಟಿನ ಮಗ್ಗಗಳು. ಬೆಳಗಿನಿಂದ ಮಲಗುವ ಹೊತ್ತಿನ ತನಕ ಅವುಗಳ ಗಡಗಡ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮ್ಮ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು. ನಾನು ಮೂರು ವಾರ ಕೇಳಿದ ಆ 'ಧಂ'ನಲ್ಲಿ ತಾಗು ಮಾತ್ರ ಮಷೀನಿನದು. ಕೆಳಗಿನ ಗುಡುಗು ಮಗ್ಗಗಳದು. ಆಳ ಕಲಸಿಹೋಗುತ್ತಿದ್ದದ್ದೂ ಅವುಗಳಿಂದಲೇ, ಅದಕ್ಕೇ ನಾನು ಮಷೀನಿನ ಆಳವನ್ನೇ ಕತ್ತರಿಸಿಬಿಟ್ಟಿದ್ದೆ. ಇಷ್ಟು ದೊಡ್ಡ ಹುಚ್ಚಿ ಬೆಳಗಾವಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಹಾಕಿದ್ದ ಕಂಡೆನ್ಸರ್ ಕಿತ್ತು ದೊಡ್ಡದನ್ನು ಕೂರಿಸಬೇಕಿತ್ತು. ಬಿಡಿಭಾಗಗಳ ಡಬ್ಬಿ ಚೀಲದಲ್ಲಿತ್ತು. ಸೋಲ್ಡರಿಂಗ್ ಐರನ್ನನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಸ್ಕ್ರೂಡ್ರೈವರ್ ಹಿಡಿದು ಅಡುಗೆಯವರ ಕಡೆ ಓಡಿ, ಅದರ ತುದಿಯನ್ನು ಕೆಂಡದಲ್ಲಿ ತೂರಿಸಿದೆ. "ಏ ಯವ್ವಾ, ಅದು ಹುಗ್ಗಿ ಒಲಿ, ಕುಲುಮಿ ಅಲ್ಲ!" ಎಂದು ಅಡುಗೆಯವನು ಬಡಿಗೆ ತೋರಿಸಿದ. ನಾನು ಅಲುಗಲಿಲ್ಲ. ಕೆಂಪಗೆ ಕಾದ ಸ್ಕ್ರೂಡ್ರೈವರ್ ಹಿಡಿದು ಲಗ್ನದ ಮಂದಿಯ ನಡುವೆ ನಾನು ಓಡಿದ್ದನ್ನು ನೋಡಿದವರು ಏನಂದುಕೊಂಡರೋ.

"ಕಿವಿ ನಂಬಬ್ಯಾಡ" ಎಂದ ಅಣ್ಣ. "ಹಂದರದ ಆ ಕಡೀಕ ಹೋಗಿ ನಿಂದ್ರು, ಹೊಟ್ಟಿ ಮ್ಯಾಲ ಕೈ ಇಟ್ಗೊ." ನಿಂತೆ. ಮೊದಲ ಸಲ ಕೈಗೆ ಏನೂ ತಾಗಲಿಲ್ಲ. ಮತ್ತೆ ಒಲೆಗೆ ಓಡಿ ಕಂಡೆನ್ಸರ್ ಬದಲಿಸಿದೆ. ಈ ಸಲ ಕೋಣ ಒದರಿದ ಹಾಗೆ ಉದ್ದಕ್ಕೆ ಎಳೆಯಿತು. ಮೂರನೆಯ ಸಲ ಅಂಗೈಯ ಕೆಳಗೆ 'ಧಂ' ಎಂದು ಬಂದು, ಬಂದಷ್ಟೇ ಬೇಗ ಅಡಗಿತು. ನಾನು ಅಲ್ಲಿಂದಲೇ ಆಯಿತೆಂದು ಎರಡೂ ಕೈ ಎತ್ತಿದೆ.

ಅಕ್ಷತೆ ಬಿತ್ತು, ಊಟದ ಪಂಕ್ತಿ ಕೂತಿತು, ಹಾಡು ಶುರುವಾಯಿತು. ಮೂರನೆಯ ಹಾಡಿನಲ್ಲಿ ಹಾಡುವವನು ಒಂದು ಸಾಲು ಮರೆತು ಮುಂದಿನದಕ್ಕೆ ಜಿಗಿದ. ಅಣ್ಣನ ಕಾಲು ಅರೆಗಳಿಗೆ ತಡೆದು, ಮುಂದಿನ ತಿರುವಿನಲ್ಲಿ ಅವನನ್ನು ಕೂಡಿಕೊಂಡಿತು. ಉಣ್ಣುವವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಮಾಸ್ತರರಿಗೆ ತಿಳಿಯಿತು. ತಾನೇ ಬಾರಿಸುವ ಆ ಹೊಸ ಮಷೀನು ಯಾರಿಗೂ ಕಾಯುತ್ತಿರಲಿಲ್ಲ. ಆರ್ಗನ್ ನುಡಿಸುತ್ತಲೇ ಅವರು ಹಿಂದಕ್ಕೆ ತಿರುಗಿ ಅಣ್ಣನನ್ನು ನೋಡಿದರು. ಅಷ್ಟರಲ್ಲಿ ಆ ಸೋದರಮಾವ ಟಾವೆಲ್ ಬೀಸುತ್ತ ಕುಣಿಯತೊಡಗಿದ್ದರು.

ಸಂಜೆ ವ್ಯಾನಿನಲ್ಲಿ ಮರಳಿ ಹೊರಟೆವು. ನನ್ನ ಮುಂದಿನ ಸೀಟಿನಲ್ಲಿ ಅಣ್ಣ. ಅವನ ಬಲಗಾಲು ವ್ಯಾನಿನ ನೆಲದ ಮೇಲೆ ಮೆಲ್ಲಗೆ ತಾಳ ಹಾಕುತ್ತಲೇ ಇತ್ತು. ಬೆಳಗಾವಿ ಹತ್ತಿರ ಬಂದಾಗ ಡ್ರೈವರನ ಬಾಜು ಕೂತಿದ್ದ ಮಾಸ್ತರರು ಹಿಂದೆ ತಿರುಗದೆಯೇ ಹೇಳಿದರು: "ಏ, ಆ ಕಾಲಿಗೆ ಒಂದೀಟ ಆರಾಮ ಕೊಡಪಾ. ರವಿವಾರ ಮತ್ತ ಅದಕ್ಕ ಕೆಲಸ ಐತಿ."

ಅಣ್ಣ ತಾಳ ನಿಲ್ಲಿಸಿ, ಆ ಕಾಲಿನ ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ.