ನನ್ನ ಬಳಿಯೇ ಉಳಿದ ನಿನ್ನ ಮತ

ಶೈಲಾ, ನಿನ್ನ ತಿದ್ದುಪಡಿಯನ್ನು ಸೋಲಿಸಿದವನು ಇಮ್ರಾನ್ ಅಲ್ಲ, ನಾನು. ನಿನ್ನದೇ ಮತವನ್ನೂ ಸೇರಿಸಿಕೊಂಡು ಸೋಲಿಸಿದೆ.

ಆನ್‌ಲೈನ್‌ನಲ್ಲೇ ನಡೆಯುವ ನಮ್ಮ ಬ್ಲಾಕ್‌ಚೈನ್ ಸಮುದಾಯಕ್ಕೆ ಕಚೇರಿಯೂ ಇಲ್ಲ, ಯಜಮಾನನೂ ಇಲ್ಲ, ಎಲ್ಲವೂ ಸದಸ್ಯರ ಮತದಿಂದಲೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆದರೆ ಮತ ಹಾಕುವ ಪುರುಸೊತ್ತು ಯಾರಿಗಿತ್ತು? ನಂಬಿದವರೊಬ್ಬರಿಗೆ ಮತ ಒಪ್ಪಿಸಿ ಸುಮ್ಮನಿರುತ್ತಿದ್ದರು. ಕೊಟ್ಟವರೇ ಬಂದು ಹಿಂದಕ್ಕೆ ಪಡೆಯುವವರೆಗೆ ಅದು ಆ ಇನ್ನೊಬ್ಬರದೇ. ಹಾಗೆ ನನ್ನ ಕೈಗೆ ಬಂದ ಮತಗಳು ಬಹಳ. ಕೆಲಸ ಮಾಡುವ ಆಫೀಸಿನಲ್ಲಿ ಯಾರೂ ಲೆಕ್ಕಕ್ಕಿಡದ ನನ್ನನ್ನು ಸಮುದಾಯದ ಚುನಾವಣೆ ಬಂದರೆ ಅಭ್ಯರ್ಥಿಗಳು ಹುಡುಕಿಕೊಂಡು ಬರುತ್ತಿದ್ದರು — ನನಗೆ ಅದರ ರುಚಿ ಹತ್ತಿತ್ತು.

ಪಟ್ಟಂದೂರು ಅಗ್ರಹಾರದ ಟೀ ಅಂಗಡಿ ಮುಂದೆ ನಿಂತು ನೀನು ಆ ತಿದ್ದುಪಡಿಯ ಬಗ್ಗೆ ಮೊದಲು ಹೇಳಿದೆ, “ಮಂಜು, ಒಪ್ಸಿದ್ ಮತ ಒಂದ್ ಚುನಾವಣೆ ಮುಗಿದ್ಮೇಲೆ ತಾನಾಗೇ ವಾಪಸ್ ಬಂದ್ಬಿಡ್ಬೇಕು ಕಣೋ. ಬೇಕಂದ್ರೆ ಮತ್ತೆ ಕೊಡ್ಲಿ. ನೀನಂತೂ ನನ್ ಕಡೆ ತಾನೆ?”

“ಅದನ್ನೂ ಕೇಳ್ಬೇಕಾ?” ಎಂದೆ. ನಗುತ್ತಲೇ ಎಂದೆ, ಆದರೆ ಒಳಗೊಳಗೇ ಕೈತಪ್ಪಲಿರುವ ಮತಗಳನ್ನು ಎಣಿಸುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದವಳು ನನ್ನ ಬುಡಕ್ಕೇ ಕೈ ಹಾಕಿದಳಲ್ಲ — ದ್ರೋಹ ನಿನ್ನದೇ ಅನ್ನಿಸಿತ್ತು. ನೀನು ನನ್ನ ಬಗ್ಗೆ ಯೋಚಿಸಿಯೇ ಇರಲಿಲ್ಲ, ಚುನಾವಣೆ ಸರಿಹೋಗಲಿ ಎಂದಷ್ಟೇ...

ತಿದ್ದುಪಡಿಯ ಮತದಾನದ ದಿನ ನೀನು ಫೋನ್ ಮಾಡಿದೆ. “ಅಮ್ಮಂಗೆ ಹುಷಾರಿಲ್ಲ, ಚಿಕ್ಕಬಾಣಾವರಕ್ಕೆ ಹೊರಟಿದೀನಿ. ನನ್ ಮತಾನೂ ನಿನ್ ಹತ್ರಾನೇ ಇದೆಯಲ್ಲ, ಸೇರಿಸಿ ಹಾಕ್ಬಿಡು.” ಒಪ್ಪಿಸಿದ್ದನ್ನು ಹಿಂದಕ್ಕೆ ಪಡೆಯಿರಿ ಎಂದು ಎಲ್ಲರ ಬೆನ್ನು ಹತ್ತಿದವಳು ನಿನ್ನದನ್ನು ಮಾತ್ರ ನನ್ನ ಬಳಿ ಬಿಟ್ಟಿದ್ದೆ.

ಅಷ್ಟೂ ಮತಗಳನ್ನು ‘ಬೇಡ’ಕ್ಕೆ ಒತ್ತಿದೆ.

ಯಾರು ಯಾವ ಕಡೆ ಹಾಕಿದರೆಂದು ನಮ್ಮ ಮತದಾನದಲ್ಲಿ ಕಾಣುವುದಿಲ್ಲ, ಫಲಿತಾಂಶವಷ್ಟೇ ಕಾಣುತ್ತದೆ. ನನ್ನ ಹಾಗೇ ಬಹಳ ಮತ ಇಟ್ಟುಕೊಂಡಿದ್ದ ಇಮ್ರಾನ್ ಮೊದಲು ನಿನ್ನ ತಿದ್ದುಪಡಿಯನ್ನು ವಿರೋಧಿಸಿ, ಕೊನೆಗೆ ಒಪ್ಪಿಕೊಂಡಿದ್ದ. ನಿನ್ನ ಅನುಮಾನ ನೇರ ಅವನ ಮೇಲೆ ಹೋಯಿತು. “ನನ್ ಮುಂದೆ ಹೂಂ ಅಂದು ಹಿಂದೆ ಕೈ ಕೊಟ್ಟ ಕಣೋ. ಅವ್ನನ್ನ ಅಣ್ಣ ಅಂತಿದ್ದೆ,” ಎಂದು ನನ್ನೆದುರೇ ಅತ್ತೆ. ಆಗಲಾದರೂ ಬಾಯಿ ಬಿಡಬಹುದಿತ್ತು.

“ಬಿಡು, ಜನಾನೇ ಹಂಗೆ,” ಎಂದೆ.

ನೀನು ಅವನ ಜೊತೆ ಮಾತು ಬಿಟ್ಟೆ, ಆಮೇಲೆ ಸಮುದಾಯವನ್ನೇ ಬಿಟ್ಟೆ. ನಾನು ಮಾತ್ರ ನಿನ್ನ ಆಪ್ತನಾಗಿ ಉಳಿದೆ — ಆ ಪದ ಬರೆಯಲು ನಾಚಿಕೆಯಾಗುತ್ತದೆ.

ನಿನ್ನೆ ಹೂಡಿಯಲ್ಲಿರುವ ಇಮ್ರಾನ್ ಮನೆಗೆ ಹೋಗಿ ಅವನಿಗೆ ಎಲ್ಲ ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡ, ಒಳಗೆ ಕರೆಯಲಿಲ್ಲ. “ಶೈಲಾಗೆ ಹೇಳಿದ್ಯಾ?” ಎಂದಷ್ಟೇ ಕೇಳಿದ. ಸಮುದಾಯದ ಗುಂಪಿನಲ್ಲೂ ಇವತ್ತು ನನ್ನ ಹೆಸರು ಹಾಕಿ ಇದನ್ನೆಲ್ಲ ಬರೆಯುತ್ತೇನೆ.

ಇನ್ನೊಂದು ಉಳಿದಿದೆ. ನೀನು ಸಮುದಾಯ ಬಿಟ್ಟ ಮೇಲೂ ನಿನ್ನ ಮತ ನನ್ನ ಬಳಿಯೇ ಇದೆ, ಪ್ರತಿ ಚುನಾವಣೆಯಲ್ಲೂ ನನಗೆ ಬೇಕಾದಂತೆ ಹಾಕುತ್ತ ಬಂದಿದ್ದೇನೆ. ದಯವಿಟ್ಟು ಒಮ್ಮೆ ಬಂದು ಅದನ್ನು ವಾಪಸ್ ತೆಗೆದುಕೋ. ಅದು ತಾನಾಗಿ ನಿನ್ನ ಕೈಗೆ ಬರುವ ದಾರಿಯೊಂದಿತ್ತು, ಅದನ್ನು ನಾನೇ ಮುಚ್ಚಿದೆ.