ಖಾಲಿ ಕುರ್ಚಿಗೊಂದು ಲೋಟ ನೀರು

ಐವತ್ತು ದಾಟುತ್ತಲೇ ನಮ್ಮ ಯಜಮಾನರಿಗೆ ಮರೆವಿನ ಕಾಯಿಲೆ ಹಿಡಿಯಿತು. ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆದವರು. ಮೊನ್ನೆ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಮೈಲಾಪೂರಿನ ಒಂದು ಹೋಟೆಲಿಗೆ ಹೋದೆವು. ನನ್ನೆದುರು ಕೂತಿದ್ದ ಇವರು ತಟ್ಟನೆ ಎದ್ದು, ಕರ್ಚೀಫಿನಿಂದ ಮೇಜು ಒರೆಸಿ, ಬಗ್ಗಿ ಕೇಳಿದರು.

“ಏನು ಕೊಡ್ಲಿ ಅಮ್ಮ? ಇಲ್ಲ, ಯಜಮಾನ್ರು ಬಂದ ಮೇಲೆ ತರ್ಲಾ?”

ಮುಂದೇನು ಮಾಡುತ್ತಾರೋ ನೋಡೋಣ ಅನ್ನಿಸಿತು. “ಅವರು ಬರ್ಲಿ, ಕಾಯ್ತೇನೆ” ಅಂದೆ.

“ಕೂತ್ಕೊಳ್ಳಿ, ಅವಸರ ಇಲ್ಲ.”

ಅಲ್ಲಿಯ ಸಪ್ಲೈಯರ್ ಬೆಪ್ಪಾಗಿ ನೋಡುತ್ತಿದ್ದ. ಇವರು ಅವನ ಕೈಯಿಂದ ಎರಡು ಲೋಟ ನೀರು ತೆಗೆದುಕೊಂಡು ಬಂದು, ಒಂದನ್ನು ನನ್ನ ಮುಂದೆ, ಇನ್ನೊಂದನ್ನು ತಮ್ಮದೇ ಖಾಲಿ ಕುರ್ಚಿಯ ಮುಂದೆ ಇಟ್ಟರು.

ಊರಿಗೆಲ್ಲ ಬಡಿಸಿದ ಮನುಷ್ಯ, ಮದುವೆಯಾದಾಗಿನಿಂದ ನನಗೆ ನೀರು ತಂದುಕೊಟ್ಟದ್ದು ಅವತ್ತೇ ಮೊದಲು. ಅದೂ ಯಾರದೋ ಹೆಂಡತಿ ಅಂದುಕೊಂಡು.