ಎಲೆಕ್ಟ್ರಿಸಿಟಿಗೆ ಒತ್ತು ಎಲ್ಲಿ?

ಅರವತ್ತರ ದಶಕದಲ್ಲಿ ನಾನು ಸಾಗರದಲ್ಲಿ ಇಂಗ್ಲಿಷ್ ಟೀಚರ್. ಒಮ್ಮೆ ಜೋಗದ ಬಸ್ಸಿನಲ್ಲಿ ಮುಂದಿನ ಸೀಟಿನ ಯುವಕನೊಬ್ಬ "ಎಲೆ... ಎಲೆ..." ಎಂದು ಒದ್ದಾಡುತ್ತಿದ್ದ.

"ಎಂತ ಕಂಠಪಾಠ ಮಾಡ್ತಿದ್ದೀಯಪ್ಪಾ? ನಾನು ಟೀಚರ್, ಹೇಳು," ಎಂದೆ.

"ಪವರ್‌ಹೌಸಲ್ಲಿ ಇಂಟರ್‌ವ್ಯೂ, ಅಕ್ಕೋರೇ. ನಂಗೆ ಉ... ಉಗ್ಗು. ಕರೆಂಟಿಗೆ ಇಂಗ್ಲಿಷಲ್ಲಿ ಉದ್ದ ಶಬ್ದ ಇದ್ಯಲ್ಲ, ಅದು ಬಾಯಿಗೇ ಬರಲ್ಲ."

"ಎಲೆಕ್ಟ್ರಿಸಿಟಿ ತಾನೆ? ತುಂಡು ಮಾಡು. ಎ, ಲೆಕ್, ಟ್ರಿ, ಸಿ, ಟಿ. ಒತ್ತು 'ಟ್ರಿ' ಮೇಲೆ. ಉಳಿದದ್ದನ್ನ ಹಗುರಾಗಿ ದಾಟು."

ಸೀಟಿನ ಕಂಬಿ ತಟ್ಟಿ ತೋರಿಸಿದೆ. ತಾಳಗುಪ್ಪ ದಾಟುವಷ್ಟರಲ್ಲಿ ಶಬ್ದ ತಡೆಯಿಲ್ಲದೆ ಹೊರಬಂತು. ಹಿಂದಿನ ಸೀಟಿನವರೂ ಹೇಳತೊಡಗಿದ್ದರು.

ಕೆಲವು ವಾರಗಳ ಮೇಲೆ ಸಾಗರದ ಪೇಟೆಯಲ್ಲಿ ಎದುರಾದ.

"ಕೆಲ್ಸ ಸಿಕ್ತು ಅಕ್ಕೋರೇ! ಆ ಶಬ್ದ ಅವರು ಕೇಳ್ಲೇ ಇಲ್ಲ. ಹೆಸರು ಕೇಳಿದ್ರು. ನನ್ನ ಹೆಸರು ನಂಗೇ ಯಾವತ್ತೂ ಸಲೀಸಾಗಿ ಬಂದಿರ್ಲಿಲ್ಲ. ಹಂಗೇ ತುಂಡು ಮಾಡಿ, 'ಭದ್' ಮೇಲೆ ಒತ್ತು ಕೊಟ್ಟು, ವೀರಭದ್ರಪ್ಪ ಅಂದ್ಬಿಟ್ಟೆ!"



ಅಂದಿನಿಂದ ಆಫೀಸಿನವರೆಲ್ಲ ಅವನನ್ನು 'ಭದ್' ಮೇಲೆ ಒತ್ತಿಯೇ ಕರೆಯುತ್ತಿದ್ದರಂತೆ. ಅವನ ತಾಯಿ ಮಾತ್ರ, ಮನೆದೇವರ ಹೆಸರನ್ನು ಹೀಗೆ ಮುರಿದವರು ಯಾರೆಂದು ವಿಚಾರಿಸುತ್ತಿದ್ದರಂತೆ. ಹಾಗಾಗಿ ಅವನು ಎಷ್ಟು ಕರೆದರೂ ನಾನು ಅವರ ಮನೆಗೆ ಊಟಕ್ಕೆ ಹೋಗಲಿಲ್ಲ.